ಹೊಸ ಆಲ್ಬಂ, ಹಳೆಯ ಹಾಡು: ಅಭಿಮಾನಿಗಳು ಇಬ್ಭಾಗವಾಗುವುದೇಕೆ?

ಹಾಸನ: ಮೆಚ್ಚಿನ ಬ್ಯಾಂಡೊಂದರ ಹೊಸ ಆಲ್ಬಂ ಹೊರಬಂದ ದಿನವೇ ಅಭಿಮಾನಿಗಳ ನಡುವೆ ವಾಗ್ವಾದ ಆರಂಭವಾಗುವುದು ಹೊಸ ಸಂಗತಿಯಲ್ಲ. 'ಮೊದಲಿನ ಸೊಗಡು ಹೋಯಿತು' ಎನ್ನುವವರು ಒಂದು ಕಡೆ, 'ಹಾಡಿದ್ದನ್ನೇ ಎಷ್ಟು ದಿನ ಹಾಡಬೇಕು' ಎನ್ನುವವರು ಇನ್ನೊಂದು ಕಡೆ. ಬ್ಯಾಂಡ್ ಹಾಡುತ್ತಿರುವುದು ತನ್ನದೇ ರಚನೆಯಾದರೆ ಈ ಜಗಳ ರುಚಿಗೆ ಸಂಬಂಧಿಸಿದ್ದು. ನಾಲ್ಕು ದಿನದಲ್ಲಿ ತಣ್ಣಗಾಗುತ್ತದೆ. ಹಾಡು ತತ್ವಪದವೋ ದೇವರ ಪದವೋ ಆಗಿದ್ದರೆ ಪ್ರಶ್ನೆಯೇ ಬೇರೆ. ಅಲ್ಲಿ ವಾದ ನಡೆಯುವುದು ಹಾಡು ಚೆನ್ನಾಗಿದೆಯೇ ಎಂಬುದರ ಬಗ್ಗೆ ಮಾತ್ರವಲ್ಲ, ಹಾಡು ಯಾರದು ಎಂಬುದರ ಬಗ್ಗೆಯೂ.

ಕನ್ನಡದಲ್ಲಿ ಜನಪದ ಮತ್ತು ರಾಕ್ ಸಂಗೀತವನ್ನು ಬೆರೆಸುವ ತಂಡಗಳು ಕಳೆದ ಎರಡು ದಶಕಗಳಲ್ಲಿ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಿವೆ. ಅದಕ್ಕೆ ಉತ್ತರ ಹುಡುಕಲು ಹಾಸನ ಜಿಲ್ಲೆಗಿಂತ ಸೂಕ್ತವಾದ ನೆಲ ಸಿಗುವುದು ಕಷ್ಟ. ಶಾಸ್ತ್ರೀಯ ಸಂಗೀತದ ಮನೆತನಗಳು, ಜನಪದ ಗೀತೆಗಳ ಸಂಗ್ರಾಹಕರು, ಸುಗಮ ಸಂಗೀತವನ್ನು ಲಕ್ಷಾಂತರ ಜನರಿಗೆ ತಲುಪಿಸಿದ ಗಾಯಕ, ಕನ್ನಡ ರ‍್ಯಾಪ್ ಹಾಡುಗಾರ - ಎಲ್ಲರೂ ಈ ಒಂದೇ ಜಿಲ್ಲೆಯವರು.

ನಾಲ್ಕು ಊರು, ನಾಲ್ಕು ಕಿವಿ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಂಡೆಯ ಪುಟ್ಟ ಗ್ರಾಮ. ಕರ್ನಾಟಕ ಸಂಗೀತದ ಹಿರಿಯ ವಿದ್ವಾಂಸ ಆರ್.ಕೆ. ಶ್ರೀಕಂಠನ್ ಅವರ ಊರು. ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ಅವರ ಹೆಸರಿನಲ್ಲಿಯೂ ಇದೇ ಊರಿದೆ. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ಇಲ್ಲಿ ತಂಬೂರಿಯ ಆಕಾರದ ಮಂದಿರವೊಂದು ತಲೆಯೆತ್ತಿದ್ದು, ಸಂಗೀತೋತ್ಸವವೂ ನಡೆದುಬಂದಿದೆ. ಪಾಠಾಂತರ, ಅಂದರೆ ಗುರುವಿನಿಂದ ಬಂದದ್ದನ್ನು ಬಂದ ಹಾಗೆಯೇ ಉಳಿಸಿಕೊಳ್ಳುವುದು, ಈ ಪರಂಪರೆಯ ಜೀವಾಳ.

ಇದೇ ಅರಕಲಗೂಡನ್ನು ಹೆಸರಿನಲ್ಲಿ ಹೊತ್ತವರು ಕಾದಂಬರಿಕಾರ ಅ.ನ. ಕೃಷ್ಣರಾಯರು. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಮೋತ್ಸವದ ಕಚೇರಿಗಳಲ್ಲಿ ಕನ್ನಡದ ಹಾಡುಗಳಿಗೂ ಕನ್ನಡದ ಕಲಾವಿದರಿಗೂ ತಕ್ಕ ಸ್ಥಾನವಿಲ್ಲವೆಂದು ಅವರು ದನಿ ಎತ್ತಿದ್ದರು. ವೇದಿಕೆಯ ಮೇಲೆ ಯಾರ ಭಾಷೆ, ಯಾರ ಹಾಡು ಎಂಬ ಪ್ರಶ್ನೆ ಚಳವಳಿಯಾಗಿ ಬೆಳೆಯಬಲ್ಲದು ಎಂಬುದಕ್ಕೆ ಆ ಪ್ರಸಂಗ ಸಾಕ್ಷಿ.

ಹಾಸನ ತಾಲ್ಲೂಕಿನ ಗೊರೂರು ಹಾಗೂ ಅದರ ಕೆಳಗಿನ ಹೊಳೆನರಸೀಪುರ ಹೇಮಾವತಿ ನದಿಯ ಊರುಗಳು. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರು ಹಳ್ಳಿಯ ಬದುಕನ್ನು ಬರೆದದ್ದಷ್ಟೇ ಅಲ್ಲ, ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಸಕಲೇಶಪುರದ ಎಸ್.ಕೆ. ಕರೀಂಖಾನ್ ಊರೂರು ಅಲೆದು ಜನಪದ ಗೀತೆಗಳನ್ನು ಕಲೆಹಾಕಿ 'ಜಾನಪದ ಜಂಗಮ' ಎನಿಸಿಕೊಂಡರು. ಕೇಳಿದ ಹಾಡನ್ನು ಕಳೆದುಹೋಗದಂತೆ ಕಾಪಾಡಬೇಕೆಂಬುದು ಈ ಸಂಗ್ರಾಹಕರ ಆತಂಕವಾಗಿತ್ತು.

ಇನ್ನು ಚನ್ನರಾಯಪಟ್ಟಣ. 1939ರ ಡಿಸೆಂಬರ್ 29ರಂದು ಸಿ. ಅಶ್ವತ್ಥ್ ಹುಟ್ಟಿದ್ದು ಇಲ್ಲಿ. ಉಳಿಸುವವರ ಸಾಲಿಗಿಂತ ಬದಲಿಸುವವರ ಸಾಲಿಗೆ ಸೇರಿದವರು ಅವರು.

ಅಶ್ವತ್ಥ್ ಮಾಡಿದ ಬದಲಾವಣೆ

ಇಂದು 'ಶರೀಫರ ಹಾಡು' ಎಂದೊಡನೆ ನಗರದ ಬಹುತೇಕ ಕೇಳುಗರ ಕಿವಿಯಲ್ಲಿ ಮೊಳಗುವುದು ಅಶ್ವತ್ಥ್ ಅವರ ಏರುದನಿ. ಆದರೆ ಶಿಶುನಾಳ ಶರೀಫರು ಬದುಕಿದ್ದು 1819ರಿಂದ 1889ರವರೆಗೆ, ಇಂದಿನ ಹಾವೇರಿ ಜಿಲ್ಲೆಯ ಸೀಮೆಯಲ್ಲಿ. ಅವರ ತತ್ವಪದಗಳು ಭಜನೆಯ ಮೇಳಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳ ಜೊತೆಗೆ ಬಾಯಿಂದ ಬಾಯಿಗೆ ಸಾಗಿ ಬಂದವು. ಆ ಪದಗಳಿಗೆ ವಾದ್ಯವೃಂದ, ಸಮೂಹಗಾನ, ರಂಗಭೂಮಿಯ ಓಘ ಇವೆಲ್ಲವನ್ನೂ ಕೂಡಿಸಿ ಕ್ಯಾಸೆಟ್ ಯುಗದ ಮನೆಮನೆಗೆ ಮುಟ್ಟಿಸಿದವರಲ್ಲಿ ಅಶ್ವತ್ಥ್ ಪ್ರಮುಖರು. 1990ರಲ್ಲಿ ತೆರೆಕಂಡ ಟಿ.ಎಸ್. ನಾಗಾಭರಣ ನಿರ್ದೇಶನದ 'ಸಂತ ಶಿಶುನಾಳ ಶರೀಫ' ಚಿತ್ರ ಈ ಕೆಲಸವನ್ನು ಇನ್ನಷ್ಟು ವಿಸ್ತರಿಸಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರವೇ ಸೇರಿತ್ತು. 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಅವರು ನಿಧನರಾದರು.

ವಾದ್ಯ ಹೆಚ್ಚಾದರೆ ಮಾತು ಮುಳುಗುತ್ತದೆ, ಅನುಭಾವದ ಪದ ರಂಜನೆಯ ಸರಕಾಗುತ್ತದೆ ಎಂಬ ಆಕ್ಷೇಪ ಸುಗಮ ಸಂಗೀತದ ಜೊತೆಜೊತೆಗೇ ಬೆಳೆದು ಬಂದಿದೆ. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಒಂದು ಕಾಲಕ್ಕೆ ಹೊಸದಾಗಿದ್ದ ಅಶ್ವತ್ಥ್ ಶೈಲಿಯೇ ಮುಂದಿನ ತಲೆಮಾರಿಗೆ 'ಮೂಲ'ವಾಯಿತು. ಅನಂತರ ಬಂದ ಬ್ಯಾಂಡ್‌ಗಳು ಶರೀಫರನ್ನು ಗಿಟಾರ್ ಮೇಲೆ ಹಾಡಿದಾಗ, ಅವರನ್ನು ಭಜನೆ ಮೇಳದ ಜೊತೆ ಹೋಲಿಸಿದವರು ಕಡಿಮೆ. ಅಶ್ವತ್ಥ್ ಅವರ ಜೊತೆ ಹೋಲಿಸಿದವರೇ ಹೆಚ್ಚು. ನಾವು ಮೊದಲು ಕೇಳಿದ್ದೇ ನಮಗೆ ಮೂಲ.

ಅಮೆರಿಕದ ಒಂದು ಉದಾಹರಣೆ

ಇದು ಕನ್ನಡಕ್ಕೆ ಸೀಮಿತವಾದ ಸಂಗತಿಯಲ್ಲ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ನ್ಯಾಶ್‌ವಿಲ್ ನಗರದ ಉದ್ಯಮದ ಕೈಯಲ್ಲಿ ನುಣುಪಾದಾಗ, ಅದಕ್ಕೆ ಪ್ರತಿಯಾಗಿ 'ಆಲ್ಟರ್ನೇಟಿವ್ ಕಂಟ್ರಿ' ಎಂಬ ಪ್ರಕಾರ ರೂಪುಗೊಂಡಿತು. ಇಲಿನಾಯ್ ರಾಜ್ಯದ ಅಂಕಲ್ ಟುಪೆಲೊ ತಂಡ 1990ರಲ್ಲಿ ಹೊರತಂದ 'ನೋ ಡಿಪ್ರೆಶನ್' ಆಲ್ಬಂ ಈ ಪ್ರಕಾರದ ಮೈಲಿಗಲ್ಲು. ಆ ಹೆಸರು 1930ರ ದಶಕದಲ್ಲಿ ಕಾರ್ಟರ್ ಫ್ಯಾಮಿಲಿ ಹಾಡಿದ ಗೀತೆಯಿಂದ ಬಂದದ್ದು. ಅಂದರೆ ಹಳೆಯ ಹಳ್ಳಿಯ ಹಾಡಿಗೆ ಹೊಸ ಹುಡುಗರ ರಾಕ್ ಗಿಟಾರು.

1994ರಲ್ಲಿ ಆ ತಂಡ ಒಡೆದು ವಿಲ್ಕೊ ಮತ್ತು ಸನ್ ವೋಲ್ಟ್ ಎಂಬ ಎರಡು ತಂಡಗಳಾದವು. ಸನ್ ವೋಲ್ಟ್ ಹಳೆಯ ದಾರಿಗೆ ಹತ್ತಿರವಿತ್ತು, ವಿಲ್ಕೊ ಪ್ರಯೋಗದತ್ತ ಹೊರಳಿತು. 2001ರಲ್ಲಿ ವಿಲ್ಕೊ ಸಿದ್ಧಪಡಿಸಿದ 'ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್' ಆಲ್ಬಂ ಅನ್ನು ಅದರ ಧ್ವನಿಮುದ್ರಣ ಸಂಸ್ಥೆಯಾದ ರಿಪ್ರೈಸ್ ಒಪ್ಪಲಿಲ್ಲ. ತಂಡ ಹಾಡುಗಳನ್ನು ತನ್ನ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ಕೇಳಿಸಿತು. 2002ರ ಏಪ್ರಿಲ್‌ನಲ್ಲಿ ನಾನ್‌ಸಚ್ ಸಂಸ್ಥೆ ಅದನ್ನು ಬಿಡುಗಡೆ ಮಾಡಿತು. ರಿಪ್ರೈಸ್ ಮತ್ತು ನಾನ್‌ಸಚ್ ಎರಡೂ ಆಗ ಒಂದೇ ಒಡೆತನದಲ್ಲಿದ್ದವು ಎಂಬುದು ವಿಶೇಷ. ಕಂಟ್ರಿಯ ಕಂಪು ಬಯಸಿದ ಹಳೆಯ ಕೇಳುಗರು ವಿಚಿತ್ರ ಸದ್ದುಗಳಿಂದ ತುಂಬಿದ ಈ ಆಲ್ಬಂ ಕೇಳಿ ದೂರ ಸರಿದರೆ, ಹೊಸ ಕೇಳುಗರು ಅಪಾರ ಸಂಖ್ಯೆಯಲ್ಲಿ ಬಂದು ಸೇರಿದರು.

ಅದಕ್ಕೂ ಮೊದಲು, 1965ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರ್ ಕೈಗೆತ್ತಿಕೊಂಡಾಗ ಸಭೆಯ ಒಂದು ಭಾಗ ಕೂಗಾಡಿತ್ತು. ಮರುವರ್ಷ ಮ್ಯಾಂಚೆಸ್ಟರ್‌ನಲ್ಲಿ ಪ್ರೇಕ್ಷಕನೊಬ್ಬ ಅವರನ್ನು ಏಸುವಿಗೆ ದ್ರೋಹ ಬಗೆದ ಜೂದಾಸನ ಹೆಸರಿನಿಂದ ಕರೆದಿದ್ದ. ವಾದ್ಯ ಬದಲಾದದ್ದನ್ನು ಅಭಿಮಾನಿ ನಂಬಿಕೆದ್ರೋಹ ಎಂದು ಗ್ರಹಿಸಿದ್ದ.

ಮೈಸೂರಿನಿಂದ ಗ್ಲಾಸ್ಟನ್‌ಬರಿಗೆ

ಕನ್ನಡದಲ್ಲಿ ಈ ಬಗೆಯ ಸಂಗೀತಕ್ಕೆ ಅತ್ಯಂತ ಹತ್ತಿರದ ನಿದರ್ಶನ 'ರಘು ದೀಕ್ಷಿತ್ ಪ್ರಾಜೆಕ್ಟ್'. ಮೈಸೂರಿನಲ್ಲಿ ಬೆಳೆದ, ಸೂಕ್ಷ್ಮಜೀವಿ ವಿಜ್ಞಾನ ಓದಿದ, ಭರತನಾಟ್ಯ ಕಲಿತ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಹೊರಬಂತು. ಹಿಂದಿ ಚಿತ್ರ ಸಂಗೀತದ ವಿಶಾಲ್-ಶೇಖರ್ ಜೋಡಿ ಅದರ ಬೆನ್ನಿಗಿತ್ತು. ಶರೀಫರ 'ಗುಡುಗುಡಿಯ ಸೇದಿ ನೋಡೊ' ಮತ್ತು 'ಸೋರುತಿಹುದು ಮನೆಯ ಮಾಳಿಗಿ' ಅದರಲ್ಲಿದ್ದವು. ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಹಾಡಿದ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯನ್ನೂ ಏರಿತು.

ಎರಡನೆಯ ಆಲ್ಬಂ 'ಜಗ್ ಚಂಗಾ' ಬಂದದ್ದು 2013ರಲ್ಲಿ. ನಡುವಿನ ಐದು ವರ್ಷಗಳಲ್ಲಿ ಅಭಿಮಾನಿಗಳು ಮೊದಲ ಆಲ್ಬಂ ಅನ್ನು ಬಾಯಿಪಾಠ ಮಾಡಿಕೊಂಡಿದ್ದರು. ಎರಡನೆಯ ಆಲ್ಬಂಗೆ ಎದುರಾಗುವ ಕಷ್ಟ ಇರುವುದು ಇಲ್ಲಿಯೇ. ಮೊದಲನೆಯದನ್ನು ಕೇಳುಗ ಯಾವ ನಿರೀಕ್ಷೆಯೂ ಇಲ್ಲದೆ ಕೇಳಿರುತ್ತಾನೆ. ಎರಡನೆಯದನ್ನು ತಕ್ಕಡಿ ಹಿಡಿದೇ ಕೇಳುತ್ತಾನೆ.

ಭಾಷೆಯ ಪ್ರಶ್ನೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಈ ಆಲ್ಬಂಗಳಲ್ಲಿ ಕನ್ನಡದ ಜೊತೆಗೆ ಹಿಂದಿ ಹಾಡುಗಳೂ ಇವೆ. ದೇಶದಾದ್ಯಂತ ವೇದಿಕೆ ಹುಡುಕುವ ತಂಡಕ್ಕೆ ಇದು ಅನಿವಾರ್ಯ. ಕನ್ನಡದ ಕಾರಣಕ್ಕೇ ತಂಡವನ್ನು ಅಪ್ಪಿಕೊಂಡ ಕೇಳುಗನಿಗೆ ಮಾತ್ರ 'ನಮ್ಮ ಪಾಲು ಎಷ್ಟು' ಎಂಬ ಲೆಕ್ಕ ತಪ್ಪುವುದಿಲ್ಲ. ಬೆಂಗಳೂರಿನ ಸ್ವರಾತ್ಮ ತಂಡವೂ ಕನ್ನಡ, ಹಿಂದಿ ಎರಡರಲ್ಲಿಯೂ ಹಾಡುತ್ತಾ ಇದೇ ಇಕ್ಕಟ್ಟಿನಲ್ಲಿ ನಡೆದು ಬಂದಿದೆ. ಅದೇ ವೇಳೆ, ಶರೀಫರ ಹೆಸರನ್ನೇ ಕೇಳದಿದ್ದ ಕಾಲೇಜು ಹುಡುಗರು ಶರೀಫರನ್ನು ಹಾಡತೊಡಗಿದ್ದೂ ಈ ತಂಡಗಳಿಂದಲೇ. ಲಾಭ-ನಷ್ಟ ಒಂದೇ ಪುಟದಲ್ಲಿವೆ.

ಒಂದೇ ಪದ, ಎರಡು ಸ್ವಾಗತ

ಅಭಿಮಾನಿಗಳು ಎಲ್ಲಿ ಗೆರೆ ಎಳೆಯುತ್ತಾರೆ ಎಂಬುದನ್ನು ಅರಿಯಲು ಮಲೆ ಮಹದೇಶ್ವರರ 'ಕೋಲುಮಂಡೆ ಜಂಗಮ ದೇವ' ಪದದ ಪಯಣ ಉಪಯುಕ್ತ.

ಕಂಸಾಳೆಯವರು, ದೇವರಗುಡ್ಡರು ತಲೆಮಾರುಗಳಿಂದ ಹಾಡುತ್ತ ಬಂದ ಮಹದೇಶ್ವರ ಕಾವ್ಯದ ಲೋಕಕ್ಕೆ ಸೇರಿದ ಪದವಿದು. 1996ರಲ್ಲಿ ತೆರೆಗೆ ಬಂದ 'ಜನುಮದ ಜೋಡಿ' ಚಿತ್ರದಲ್ಲಿ ಇದನ್ನು ಬಳಸಿಕೊಳ್ಳಲಾಯಿತು. ಸಂಗೀತ ವಿ. ಮನೋಹರ್, ಗಾಯನ ಎಲ್.ಎನ್. ಶಾಸ್ತ್ರಿ. ಜನ ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಶಾಸ್ತ್ರಿ ಅವರಿಗೆ ರಾಜ್ಯ ಚಲನಚಿತ್ರ ಪ್ರಶಸ್ತಿಯೂ ಸಂದಿತು. ದೇವರ ಪದ ಸಿನಿಮಾ ಸೇರಿತೆಂದು ಆಗ ದೊಡ್ಡ ರಾದ್ಧಾಂತವೇನೂ ಆಗಲಿಲ್ಲ.

2020ರ ಆಗಸ್ಟ್‌ನಲ್ಲಿ ಗೌರಿ-ಗಣೇಶ ಹಬ್ಬದ ಹೊತ್ತಿಗೆ, ಹಾಸನ ಜಿಲ್ಲೆಯವರೇ ಆದ ರ‍್ಯಾಪ್ ಗಾಯಕ ಚಂದನ್ ಶೆಟ್ಟಿ ಇದೇ ಪದದ ಹೊಸ ರೂಪವನ್ನು ಆನಂದ್ ಆಡಿಯೊ ಮೂಲಕ ಹೊರತಂದರು. ಹಾಡು ಯೂಟ್ಯೂಬಿನಲ್ಲಿ ಬಹುಬೇಗ ಹರಡಿತು. ಅಷ್ಟೇ ಬೇಗ ವಿರೋಧವೂ ಎದ್ದಿತು. ಮಹದೇಶ್ವರ ಕಾವ್ಯದಲ್ಲಿ ಸಂಕಮ್ಮ ಕಷ್ಟ ಸಹಿಸಿ ದೇವರ ಕೃಪೆಗೆ ಪಾತ್ರಳಾದ ಶರಣೆ. ದೃಶ್ಯದಲ್ಲಿ ಆಕೆಯ ಪಾತ್ರವನ್ನು ಅಸಭ್ಯವಾಗಿ ತೋರಿಸಲಾಗಿದೆ, ಇದರಿಂದ ಭಕ್ತರ ಮನಸ್ಸಿಗೆ ನೋವಾಗಿದೆ ಎಂಬುದು ಮುಖ್ಯ ಆಕ್ಷೇಪ. ಹಾಡನ್ನು ಮೆಚ್ಚಿದ ಯುವಜನರು ಒಂದೆಡೆ, ತೆಗೆದುಹಾಕಲು ಒತ್ತಾಯಿಸಿದ ಭಕ್ತರು ಇನ್ನೊಂದೆಡೆ ನಿಂತರು. ಚಂದನ್ ಶೆಟ್ಟಿ ಕ್ಷಮೆ ಯಾಚಿಸಿದರು, ವಿಡಿಯೊ ಹಿಂಪಡೆಯಲಾಯಿತು.

ಎರಡೂ ಪ್ರಸಂಗಗಳಲ್ಲಿ ಸಂಗೀತ ಬದಲಾಗಿತ್ತು. ಎರಡೂ ವ್ಯಾಪಾರದ ಉದ್ದೇಶದವೇ. ಹಾಗಿದ್ದರೂ ಸ್ವಾಗತ ಬೇರೆಯಾದದ್ದಕ್ಕೆ ಕಾರಣ ಇಷ್ಟು: 1996ರಲ್ಲಿ ಪದದ ಭಾವ ಭಕ್ತಿಯಾಗಿಯೇ ಉಳಿಯಿತು. 2020ರಲ್ಲಿ ಪದ ಉಳಿದರೂ ಅದರ ಪಾತ್ರ ಬದಲಾಯಿತೆಂದು ಭಕ್ತರು ಭಾವಿಸಿದರು. ಜನ ವಾದ್ಯದ ಬದಲಾವಣೆಯನ್ನು ಸಹಿಸುತ್ತಾರೆ, ವೇಗದ ಬದಲಾವಣೆಯನ್ನೂ ಸಹಿಸುತ್ತಾರೆ. ಹಾಡಿನೊಳಗೆ ತಾವು ಕೈಮುಗಿಯುವ ವ್ಯಕ್ತಿ ಬದಲಾದರೆ ಸಹಿಸುವುದಿಲ್ಲ.

ಮೂರು ಬಗೆಯ ಕೇಳುಗರು

ಈ ಎಲ್ಲ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೂರು ಬಗೆಯ ಕೇಳುಗರನ್ನು ಗುರುತಿಸಬಹುದು.

ಮೊದಲನೆಯವನು ನೆನಪಿನ ಕೇಳುಗ. ಅವನಿಗೆ ಹಾಡೆಂದರೆ ಅದನ್ನು ಮೊದಲು ಕೇಳಿದ ಕಾಲ: ಹಾಸನದ ಗಣಪತಿ ಪೆಂಡಾಲಿನ ಸುಗಮ ಸಂಗೀತದ ಸಂಜೆ, ಆಕಾಶವಾಣಿಯ ಮುಂಜಾನೆ, ಅಣ್ಣ ಕೊಂಡು ತಂದ ಕ್ಯಾಸೆಟ್ಟು. ಹೊಸ ಆಲ್ಬಂ ಎಷ್ಟೇ ಚೆನ್ನಾಗಿದ್ದರೂ ಆ ಕಾಲವನ್ನು ಮರಳಿ ಕೊಡಲಾರದು. ಅವನ ಅಸಮಾಧಾನಕ್ಕೆ ಬ್ಯಾಂಡ್ ಹೊಣೆಯಲ್ಲ.

ಎರಡನೆಯವನು ಕುತೂಹಲದ ಕೇಳುಗ. ಅವನು ಬ್ಯಾಂಡಿನ ಜೊತೆ ಮುಂದಕ್ಕೆ ನಡೆಯಲು ಸಿದ್ಧ. ಹಾಡು ಕದಲದೆ ನಿಂತರೆ ಅವನಿಗೆ ಬೇಸರ. ಮೊಬೈಲಿನಲ್ಲಿ ಆಲ್ಬಂ ಒಡೆದು ಬಿಡಿಹಾಡುಗಳಾಗಿ ಸಿಗುವ ಇಂದಿನ ದಿನಗಳಲ್ಲಿ ಇವನ ಸಂಖ್ಯೆ ಹೆಚ್ಚು, ತಾಳ್ಮೆ ಕಡಿಮೆ. ಕಾಸು ಕೊಟ್ಟು ತಂದ ಕ್ಯಾಸೆಟ್ಟನ್ನು ಹಿಡಿಸದಿದ್ದರೂ ಹತ್ತು ಸಲ ಕೇಳುತ್ತಿದ್ದ ಕಾಲದಲ್ಲಿ ಹನ್ನೊಂದನೆಯ ಸಲಕ್ಕೆ ಹಾಡು ಹಿಡಿಸುವುದೂ ಇತ್ತು. ಆ ಅವಕಾಶ ಈಗ ಹೊಸ ಆಲ್ಬಂಗಿಲ್ಲ.

ಮೂರನೆಯವನು ಹಕ್ಕುದಾರ ಕೇಳುಗ. ಆ ಪದ ಅವನ ಮನೆದೇವರದು, ಅವನ ಸಮುದಾಯದ್ದು, ಕೆಲವೊಮ್ಮೆ ಅವನ ಅನ್ನದ ದಾರಿ. ಇವನ ಮಾತನ್ನು 'ಅಭಿರುಚಿಯ ಭೇದ' ಎಂದು ತಳ್ಳಿಹಾಕುವಂತಿಲ್ಲ. ಆದರೆ ಪ್ರತಿಕ್ರಿಯೆಗಳ ಗದ್ದಲದಲ್ಲಿ ಅತಿ ಕಡಿಮೆ ಕೇಳಿಸುವುದು ಇವನ ದನಿಯೇ.

ಕಾನೂನು ಏನು ಹೇಳುತ್ತದೆ?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಾಹಿತ್ಯ ಮತ್ತು ಸಂಗೀತ ಕೃತಿಗಳ ಹಕ್ಕು ಕರ್ತೃವಿನ ಜೀವಿತಾವಧಿಯ ಬಳಿಕ 60 ವರ್ಷ ಇರುತ್ತದೆ. ಶರೀಫರು ತೀರಿಕೊಂಡದ್ದು 1889ರಲ್ಲಿ; ಅವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಕರ್ತೃ ಯಾರೆಂದೇ ತಿಳಿಯದ ಜನಪದ ಗೀತೆಗೂ ಒಡೆಯನಿಲ್ಲ. ಆದರೆ ಆ ಪದಕ್ಕೆ ಸಂಗೀತ ನಿರ್ದೇಶಕರು ಹೊಸದಾಗಿ ಹಾಕಿದ ರಾಗಕ್ಕೆ ಹಕ್ಕಿದೆ, ಧ್ವನಿಮುದ್ರಿಕೆಗೆ ಪ್ರಕಟವಾದ ಮೇಲೆ 60 ವರ್ಷಗಳ ಹಕ್ಕಿದೆ. 2012ರ ತಿದ್ದುಪಡಿ ಗೀತರಚನಕಾರರಿಗೂ ಸಂಗೀತ ನಿರ್ದೇಶಕರಿಗೂ ಗೌರವಧನದ ಪಾಲನ್ನು ಖಚಿತಪಡಿಸಿತು. ಹಕ್ಕಿರುವ ಹಾಡನ್ನು ಕಾಯ್ದೆಯ ಪರವಾನಗಿಯಡಿ ಮತ್ತೊಬ್ಬರು ಹಾಡಿ ಧ್ವನಿಮುದ್ರಿಸಬೇಕಾದರೆ, ಮೊದಲ ಮುದ್ರಣವಾದ ವರ್ಷದ ನಂತರ ಐದು ವರ್ಷ ಕಳೆದಿರಬೇಕೆಂಬ ನಿಯಮವನ್ನೂ ಅದು ತಂದಿತು.

ಇದರ ಪರಿಣಾಮ ವಿಚಿತ್ರವಾದದ್ದು. ಪದವನ್ನು ಶತಮಾನಗಳ ಕಾಲ ನೆನಪಿನಲ್ಲಿ ಹೊತ್ತು ತಂದ ಗಾಯಕರಿಗೆ ಕಾಯ್ದೆಯಲ್ಲಿ ಏನೂ ಇಲ್ಲ. ಅದನ್ನು ಒಂದು ಮಧ್ಯಾಹ್ನ ಸ್ಟುಡಿಯೋದಲ್ಲಿ ಮುದ್ರಿಸಿದವರಿಗೆ ಆರು ದಶಕದ ಒಡೆತನವಿದೆ. ಜನಪದ ಅಭಿವ್ಯಕ್ತಿಗಳ ರಕ್ಷಣೆಗೆ ಯುನೆಸ್ಕೊ ಮತ್ತು ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆ 1982ರಷ್ಟು ಹಿಂದೆಯೇ ಮಾದರಿ ನಿಯಮಗಳನ್ನು ಸಿದ್ಧಪಡಿಸಿದ್ದರೂ, ಕಂಸಾಳೆಯವರ ಅಥವಾ ತತ್ವಪದಕಾರರ ಕೈಗೆ ಅದರಿಂದ ಬಂದದ್ದು ಏನೂ ಇಲ್ಲ.

ಹಕ್ಕುದಾರ ಕೇಳುಗನ ಸಿಟ್ಟಿನ ಬೇರು ಹಲವೊಮ್ಮೆ ಇಲ್ಲಿದೆ. ಹಾಡಿಗೆ ಅವಮಾನವಾಯಿತೆಂಬ ಮಾತಿನ ಕೆಳಗೆ, ಹಾಡಿನಿಂದ ಬಂದದ್ದರಲ್ಲಿ ತಮಗೆ ಹೆಸರೂ ಇಲ್ಲ, ಪಾಲೂ ಇಲ್ಲ ಎಂಬ ನೋವಿರುತ್ತದೆ. ಕಾಯ್ದೆ ಕೇಳದಿದ್ದರೂ, ಪದ ಕಲಿಸಿದವರ ಹೆಸರನ್ನು ಆಲ್ಬಂ ಮೇಲೆ ಅಚ್ಚು ಮಾಡುವುದಕ್ಕೆ, ಅವರನ್ನು ಕರೆದು ಹಾಡಿಸಿ ಸಂಭಾವನೆ ಕೊಡುವುದಕ್ಕೆ, ಬಿಡುಗಡೆಗೆ ಮೊದಲು ಆ ಪದದ ಭಕ್ತರಿಗೆ ಒಮ್ಮೆ ಕೇಳಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಯಾವುದು ಉಳಿಯುತ್ತದೆ?

ಹೊಸ ಆಲ್ಬಂ ಗೆದ್ದಿತೋ ಸೋತಿತೋ ಎಂಬುದನ್ನು ಬಿಡುಗಡೆಯ ವಾರದ ಗದ್ದಲ ತೀರ್ಮಾನಿಸುವುದಿಲ್ಲ. ಅಶ್ವತ್ಥ್ ಅವರ ಶರೀಫ ಉಳಿದದ್ದು ವಾದ್ಯದ ಬಲದಿಂದಲ್ಲ. ಅವರ ಏರುದನಿಯಲ್ಲಿಯೂ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಮಾತಿನ ಅರ್ಥ ಗಾಯಕನಿಗೆ ತಟ್ಟಿದೆಯೆಂಬುದು ಕೇಳುಗನಿಗೂ ತಿಳಿಯುತ್ತಿತ್ತು. ಗಿಟಾರಿಗಾಗಲಿ ರ‍್ಯಾಪಿಗಾಗಲಿ ಇದೇ ಅಳತೆಗೋಲು ಸಲ್ಲುತ್ತದೆ.

ರುದ್ರಪಟ್ಟಣದ ಪಾಠಾಂತರ ಹಾಗೂ ಚನ್ನರಾಯಪಟ್ಟಣದ ಅಶ್ವತ್ಥ್ ಪರಸ್ಪರ ವಿರೋಧಿಗಳಂತೆ ಕಂಡರೂ ಒಂದು ಸಂಗತಿಯಲ್ಲಿ ಒಂದೇ. ಎರಡೂ ಕಡೆ ಹಾಡುವವರು ಮೊದಲು ಕಲಿತಿದ್ದರು, ಆಮೇಲೆ ಹಾಡಿದ್ದರು. ಪದವನ್ನು ಕಲಿತು ಬದಲಿಸಿದವರನ್ನು ಕೇಳುಗರು ಬೈದರೂ ಕೊನೆಗೆ ಒಪ್ಪಿಕೊಂಡಿದ್ದಾರೆ. ಕಲಿಯದೆ ಬದಲಿಸಿದ್ದಾರೆಂಬ ಅನುಮಾನ ಬಂದಾಗ ಮಾತ್ರ ಒಪ್ಪಿಲ್ಲ. ಮುಂದಿನ ಆಲ್ಬಂ ಯಾರದೇ ಆಗಿರಲಿ, ಅದು ಬಂದ ದಿನವೂ ಅಭಿಮಾನಿಗಳು ಇಬ್ಭಾಗವಾಗುತ್ತಾರೆ. ಹಾಡು ಇನ್ನೂ ಜನರದಾಗಿ ಉಳಿದಿದೆ ಎಂಬುದಕ್ಕೆ ಆ ಜಗಳವೂ ಒಂದು ಗುರುತು.